ನಮ್ಮ ಭಾವ ಗರಗಸ ಆರಿಸಿದ್ದು

ನಮ್ಮ ಭಾವ ಹೆಣ್ಣು ನೋಡಲು ಬಂದ ದಿನ ಅಕ್ಕನ ಮುಖ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನಮ್ಮ ಮನೆಯ ನಡುಬಾಗಿಲಿನ ಚೌಕಟ್ಟು ನೋಡಿದರು ಅಂದರೆ ನೀವು ನಂಬಬೇಕು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಕೈ ತೊಳೆಯಲು ಎದ್ದವರು ಬಾಗಿಲ ಹತ್ತಿರ ನಿಂತೇಬಿಟ್ಟರು. ಎರಡು ಮರ ಕೂಡುವ ಮೂಲೆಗೆ ಉಗುರು ತೂರಿಸಿ, ಇಲ್ಲಿ ಸಂದು ಬಿಟ್ಟಿದೆ ಅಂದರು. ಅವತ್ತು ಅವರ ಬಾಯಿಂದ ಬಂದ ಪೂರ್ತಿ ವಾಕ್ಯ ಅದೊಂದೇ. ನಮ್ಮಪ್ಪ ಒಳಗೆ ಬಂದು ಅಮ್ಮನ ಹತ್ತಿರ, ಹುಡುಗ ಬಾಗಿಲಲ್ಲಿ ಐಬು ಹೇಳಿದ, ಹುಡುಗಿಯಲ್ಲಿ ಹೇಳಲಿಲ್ಲ, ಒಪ್ಪಿದ ಹಾಗೇ ಲೆಕ್ಕ ಅಂದರಂತೆ. ಮದುವೆ ಆಗಿಹೋಯಿತು. ಆ ಸಂದು ಇವತ್ತಿಗೂ ಹಾಗೇ ಇದೆ.

ಭಾವ ಸರ್ವೇ ಇಲಾಖೆಯಲ್ಲಿದ್ದವರು. ಗುಬ್ಬಿ, ಸಿ.ಎಸ್. ಪುರ, ಕುಣಿಗಲ್ ಕಡೆಯ ಹೊಲಗಳಲ್ಲಿ ಚೈನು ಎಳೆಸಿ, ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸಿ, ಎರಡೂ ಕಡೆಯವರ ಹತ್ತಿರ ಬೈಸಿಕೊಂಡು ರಿಟೈರಾದರು. ರಿಟೈರಾದವರು ಮೂಲೆ ಸೇರುತ್ತಾರೆ ಅನ್ನುತ್ತಾರಲ್ಲ, ಇವರು ಮೂಲೆಯ ಬೆನ್ನು ಹತ್ತಿದರು! ಕಣ್ಣಿನ ಆಪರೇಷನ್ ಆದಮೇಲೆ ಓಡಿಸುವುದು ಬೇಡ ಅಂತ ಕಾರು ಮಾರಿದರು. ಗುಬ್ಬಿಯ ಮನೆಯ ಮುಂದೆ ಕಾರಿನ ಶೆಡ್ಡು ಖಾಲಿಯಾಯಿತು. ಅಕ್ಕ ಅಲ್ಲಿ ತೆಂಗಿನಕಾಯಿ ಹಾಕಿಸೋಣ ಅಂತಿದ್ದಳು. ಅವಳು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನಲ್ಲಿ ಒಂದು ಬೆಂಚು, ಒಂದು ಟ್ಯೂಬ್‌ಲೈಟು ಬಂದು, ಅದಕ್ಕೆ 'ವರ್ಕ್‌ಶಾಪು' ಅಂತ ಹೆಸರೂ ಆಗಿಹೋಗಿತ್ತು.

ವರ್ಕ್‌ಶಾಪಿನ ಮೊದಲ ಕೆಲಸ ಅಕ್ಕನ ಕನ್ನಡಿಗೆ ಚೌಕಟ್ಟು. ಕೈಗರಗಸದಲ್ಲಿ ನಾಲ್ಕು ಪಟ್ಟಿ ಕೊಯ್ದು ಜೋಡಿಸಿದರು. ಮೂರು ಮೂಲೆ ಕೂಡಿತು, ನಾಲ್ಕನೆಯದು ಬಾಯಿ ಬಿಟ್ಟಿತು. ಅದನ್ನು ಒತ್ತಿ ಕೂಡಿಸಿದರೆ ಎದುರಿನದು ಬಾಯಿ ಬಿಡುತ್ತಿತ್ತು. ಈ ಸಂದಿನಲ್ಲಿ ಇರುವೆಗಳು ಸಂಸಾರ ಸಮೇತ ಓಡಾಡಬಹುದು ಅಂತ ಅಕ್ಕ ಹೇಳಿದ್ದು ಭಾವನಿಗೆ ನಾಟಿತು. ಫೋನಿನಲ್ಲಿ ವಿಡಿಯೋ ನೋಡತೊಡಗಿದರು. ಕೆಲವೇ ದಿನದಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ಕಾಂಪೌಂಡ್ ಮೈಟರ್ ಸಾ.

ಕಾಂಪೌಂಡ್ ಅಂದರೆ ನನಗೆ ಮನೆ ಸುತ್ತಿನ ಗೋಡೆ ಮಾತ್ರ ಗೊತ್ತಿತ್ತು. ಭಾವ ಊಟದ ತಟ್ಟೆಯಿಂದ ಸೌತೆಕಾಯಿ ಎತ್ತಿಕೊಂಡು, ಚಾಕು ಹಿಡಿದು ನನಗೆ ಪಾಠ ಮಾಡಿದರು. ಇದು ಮೇಜಿನ ಮೇಲೆ ಕೂರುವ ಕರೆಂಟಿನ ಗರಗಸ. ಹಿಡಿ ಹಿಡಿದು ಕೆಳಕ್ಕೆ ಒತ್ತಿದರೆ ದುಂಡು ಬ್ಲೇಡು ಇಳಿದು ಪಟ್ಟಿ ಕೊಯ್ಯುತ್ತದೆ. ಮಾಮೂಲಿಯದು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತೆ ಅಷ್ಟೆ, ಕಾಂಪೌಂಡಿನದು ಕತ್ತೂ ತಿರುಗಿಸುತ್ತೆ, ಜೊತೆಗೆ ಸೊಂಟಾನೂ ವಾಲಿಸುತ್ತೆ. ಹೀಗೆ ಕೊಯ್ದರೆ ಎಂಥ ಮೂಲೆಯಾದರೂ ಕೂದಲು ತೂರದ ಹಾಗೆ ಕೂಡುತ್ತೆ. ಪಾಠ ಮುಗಿಯುವಷ್ಟರಲ್ಲಿ ಸೌತೆಕಾಯಿ ಮುಗಿದಿತ್ತು. ಅಕ್ಕ, ನನಗೇ ಸೊಂಟ ಬಗ್ಗಲ್ಲ, ಇವರಿಗೆ ಸೊಂಟ ಬಗ್ಗಿಸೋ ಮಿಷನ್ ಬೇಕಂತೆ ಅನ್ನುತ್ತಾ ಇನ್ನೊಂದು ಸೌತೆಕಾಯಿ ಹೆಚ್ಚಲು ಎದ್ದಳು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ತುಮಕೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೇನೆ. ಹೆಂಡತಿ ತೀರಿಹೋಗಿ ವರ್ಷದ ಮೇಲಾಯಿತು. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ವಾರವೆಲ್ಲ ಕೌಂಟರಿನಲ್ಲಿ ಜನರ ಜೊತೆ ಹೆಣಗಿ ಭಾನುವಾರ ಬಂದರೆ ಮಂಚದಿಂದ ಏಳಬಾರದು, ಹಾಲಿನವನಿಗೂ ಬಾಗಿಲು ತೆಗೆಯಬಾರದು ಅಂತ ನನ್ನ ಸಂಕಲ್ಪ. ಅದರಲ್ಲಿ ನಾನು ಸಾಕಷ್ಟು ಸಾಧನೆಯನ್ನೂ ಮಾಡಿದ್ದೆ. ಆದರೆ ನನ್ನ ಹತ್ತಿರ ಕಾರಿತ್ತು. ಮಿಷನ್ನು ಭಾರದ್ದು, ಬಸ್ಸಿನಲ್ಲಿ ಹೊತ್ತು ತರೋಕಾಗಲ್ಲ, ನಿನ್ನ ಕಾರು ಬೇಕು ಕಣಯ್ಯ ಅಂದರು ಭಾವ. ಒಂದು ದಿನದ ಕೆಲಸ ತಾನೇ ಅಂತ ಒಪ್ಪಿಕೊಂಡೆ. ಹಾಗೆ ಒಪ್ಪಿಕೊಂಡವನ ಬುದ್ಧಿಗೆ ಏನೆನ್ನೋಣ?

ಆ ಭಾನುವಾರ ಭಾವ ಗುಬ್ಬಿಯಿಂದ ಮೊದಲ ಬಸ್ಸಿಗೇ ಬಂದು ನನ್ನ ಮನೆಯ ಬೆಲ್ಲು ಒತ್ತಿದರು. ಬಟವಾಡಿ ಕಡೆ ಭಾನುವಾರ ಅರ್ಧ ದಿನ ತೆಗೆಯುವ ಒಂದು ಮೆಷಿನರಿ ಅಂಗಡಿಗೆ ಹೋದೆವು. ಭಾವನ ಕೈಚೀಲದಲ್ಲಿ ಒಂದು ಮರದ ಪಟ್ಟಿ, ಒಂದು ಮೂಲೆಮಟ್ಟ ಇದ್ದವು. ಅಂಗಡಿಯವರು ಗರಗಸ ತೋರಿಸಿದರು. ಭಾವ ಕೊಯ್ದು ತೋರಿಸಿ ಅಂದರು. ಮೇಜಿನ ಮೇಲಿದ್ದ ಮಾದರಿಯಲ್ಲಿ ಕೊಯ್ದರು. ಭಾವ ಮೂಲೆಮಟ್ಟ ಇಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಸಂತೋಷವಾದ ಹಾಗೆ ಕಂಡಿತು. ಸದ್ಯ ಮುಗಿಯಿತು ಅಂತ ನಾನು ಕಾರಿನ ಡಿಕ್ಕಿ ತೆಗೆಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಭಾವ, ಬ್ಲೇಡು ಎಂಟು ಇಂಚಿನದು ಒಳ್ಳೇದೋ ಹತ್ತು ಇಂಚಿನದೋ ಅಂತ ಶುರು ಮಾಡಿದ್ದರು. ಆಮೇಲೆ ಸೊಂಟ ಒಂದೇ ಕಡೆ ವಾಲಿದರೆ ಸಾಕೋ ಎರಡೂ ಕಡೆ ವಾಲಬೇಕೋ. ಆಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವಂಥದ್ದು ಬೇಕೋ ಬೇಡವೋ. ಜಾರುವಂಥದ್ದಾದರೆ ಹಿಂದುಗಡೆ ಜಾಗ ಬೇಕು, ಶೆಡ್ಡಿನ ಗೋಡೆ ಅಡ್ಡ. ಗೋಡೆ ಒಡೆಸಬಹುದಲ್ಲ ಅಂತ ನಾನು ಬೇಸರದಿಂದ ಅಂದಿದ್ದನ್ನು ಭಾವ ಗಂಭೀರವಾಗಿ ತಗೊಂಡು, ಅದನ್ನು ಮನೇಲಿ ಕೇಳಬೇಕು ಅಂದರು. ಬರಿಗೈಯಲ್ಲಿ ಗುಬ್ಬಿಗೆ ಹೋದೆವು. ಅಕ್ಕ ಮುದ್ದೆ, ಉಪ್ಸಾರು ಬಡಿಸಿದಳು. ಗೋಡೆಯ ಮಾತು ಎತ್ತಿದ ಮೇಲೆ ಮಜ್ಜಿಗೆ ಬಡಿಸಲಿಲ್ಲ.

ಮುಂದಿನ ಭಾನುವಾರ ಇನ್ನೊಂದು ಅಂಗಡಿ. ಅದರ ಮುಂದಿನ ಭಾನುವಾರ ಮತ್ತೊಂದು. ಅಂಗಡಿಯವರೊಬ್ಬರು ಮೊದಲ ಸಲ ಗಿರಾಕಿ ಅಂತ ಟೀ ಕೊಟ್ಟರು. ಎರಡನೇ ಸಲ ಹೋದಾಗ ನೀರು ಕೊಟ್ಟರು. ಮೂರನೇ ಸಲ ಕಾರು ನಿಲ್ಲಿಸುವುದು ಕಂಡೇ ಊಟಕ್ಕೆ ಎದ್ದುಬಿಟ್ಟರು, ಬೆಳಗಿನ ತಿಂಡಿ ಹೊತ್ತಿನಲ್ಲಿ!

ನಡುವೆ ನಿಟ್ಟೂರಿನಲ್ಲಿ ಒಂದು ಗೃಹಪ್ರವೇಶ ಬಂತು. ಭಾವನ ಹಳೇ ಸಹೋದ್ಯೋಗಿಯ ಮನೆ. ಹೇಗೂ ಭಾನುವಾರ, ಬಾ ಅಂತ ನನ್ನನ್ನೂ ಕರೆದುಕೊಂಡು ಹೋದರು. ಎಲ್ಲರೂ ಊಟದ ಪಂಕ್ತಿ ಕಡೆ ಹೋದರೆ ಇವರು ರೂಮಿಂದ ರೂಮಿಗೆ ಹೋಗಿ ಒಂದೊಂದು ಬಾಗಿಲಿನ ಮೂಲೆ ಸವರುತ್ತಾ, ತಲೆ ಅಲ್ಲಾಡಿಸುತ್ತಾ, ನಿಟ್ಟುಸಿರು ಬಿಡುತ್ತಿದ್ದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಆ ನಿಟ್ಟುಸಿರು. ನೋಡಿದವರು ಏನಂದುಕೊಳ್ಳಬೇಕು? ಯಾರೋ ದೊಡ್ಡ ವಾಸ್ತುವಿನವರು ಬಂದವ್ರೆ ಅಂತ ಸುದ್ದಿ ಹಬ್ಬಿತು. ಯಜಮಾನರ ಅತ್ತೆ ಅಡುಗೆಮನೆಯಿಂದ ಓಡಿಬಂದು ಸೆರಗು ಹೊದ್ದು ನಿಂತರು. ಭಾವ ದೇವರಮನೆಯ ಬಾಗಿಲು ಮುಟ್ಟಿ, ಈ ಮೂಲೆ ಸರಿಯಿಲ್ಲ ಅಂದರು. ಆ ಅಮ್ಮನ ಮುಖ ಬಿಳಿಚಿಕೊಂಡಿತು.

"ಏನ್ ಮಾಡ್ಬೇಕು ಹೇಳಿ ಸ್ವಾಮಿ. ಶಾಂತಿ ಏನಾದ್ರೂ ಮಾಡಿಸ್ಬೇಕಾ?"

"ಶಾಂತಿಯಿಂದ ಆಗಲ್ಲಮ್ಮ. ಮೈಟರ್ ಸಾ ಬೇಕು."

ಅದು ಯಾವ ದೇವರ ಪೂಜೆ, ಎಲ್ಲಿ ಮಾಡಿಸುತ್ತಾರೆ ಅಂತ ಆ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ನಾನು ತುಮಕೂರು, ಬಟವಾಡಿ ಅಂದುಬಿಟ್ಟೆ. ಇನ್ನೇನು ಹೇಳಲಿ? ನನಗೂ ಸಾಕಾಗಿತ್ತು.

ಎಲ್ಲಕ್ಕಿಂತ ನನ್ನನ್ನು ಹಣ್ಣು ಮಾಡಿದ್ದು ಅಮೃತೂರಿನ ಪ್ರಯಾಣ. ಅಲ್ಲಿ ಒಬ್ಬರು ಫರ್ನಿಚರ್ ಮಾಡುವವರು ಅಂಗಡಿ ಮುಚ್ಚುತ್ತಿದ್ದಾರೆ, ಹತ್ತಿಂಚಿನ ಗರಗಸ ಹೆಚ್ಚು ಉಪಯೋಗಿಸದೆ ಹಾಗೇ ಇದೆ ಅಂತ ಯಾರೋ ಭಾವನ ಕಿವಿಗೆ ಹಾಕಿದರು. ಗುಬ್ಬಿಯಿಂದ ಭಾವ ತುಮಕೂರಿಗೆ ಬಂದು, ತುಮಕೂರಿಂದ ನಾವು ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಪ್ರೈವೇಟ್ ಬಸ್ಸುಗಳ ಹಿಂದೆ ಧೂಳು ಕುಡಿಯುತ್ತಾ ಅಮೃತೂರು ಸೇರಿದೆವು. ದಾರಿಯುದ್ದಕ್ಕೂ ಭಾವ, ಈ ಬದು ನಾನು ಹಾಕಿಸಿದ್ದು, ಆ ಕಲ್ಲು ನಾನು ನೆಡಿಸಿದ್ದು ಅಂತ ತೋರಿಸುತ್ತಿದ್ದರು. ಒಂದು ಕಡೆ ಕಾರು ನಿಲ್ಲಿಸಿ ಎಳನೀರು ಕುಡಿಸಿದರು. ನನ್ನ ಹೆಂಡತಿ ಒಮ್ಮೆ ಅವರ ಮನೆಯಲ್ಲಿ ಮಾಡಿದ ಹುರಳಿ ಬಸ್ಸಾರಿನ ಮಾತು ತೆಗೆದರು. ಅವಳ ಮಾತನ್ನು ಯಾರೂ ನನ್ನೆದುರಿಗೆ ತೆಗೆಯುತ್ತಿರಲಿಲ್ಲ. ನಾನೂ ಎರಡು ಮಾತಾಡಿದೆ. ಎಳನೀರಿನವನು ಕಾಯಿ ಒಡೆದು ಗಂಜಿ ಕೊಟ್ಟ, ತಿಂದೆವು.

ಅಮೃತೂರಿನವರು ಮಾರುವುದಕ್ಕೆ ತುದಿಗಾಲಲ್ಲಿ ನಿಂತಿದ್ದರು. ಗರಗಸ ಒರೆಸಿ, ಬ್ಲೇಡು ಹೊಸದು ಹಾಕಿ ಇಟ್ಟಿದ್ದರು. ಭಾವ ಅದನ್ನು ನೋಡಿ ಇಷ್ಟಪಟ್ಟರು. ಇಷ್ಟಪಟ್ಟವರು ಸುಮ್ಮನಿದ್ದರೇ? ಇದರ ಕತ್ತು ಎಷ್ಟು ನಯವಾಗಿ ತಿರುಗುತ್ತೆ, ಎರಡೂ ಕಡೆ ಸೊಂಟ ವಾಲುತ್ತೆ, ಇಂಥದ್ದನ್ನು ಇಟ್ಟುಕೊಂಡವರು ಕಿಟಕಿ ಬೀಡಿಂಗು, ದೇವರ ಮಂಟಪ ಏನೆಲ್ಲ ಮಾಡಬಹುದು ಅಂತ ಒಂದೊಂದಾಗಿ ಕೊಯ್ದು ತೋರಿಸಿದರು. ಆ ಮನುಷ್ಯ ಇಷ್ಟು ವರ್ಷ ಅದರಲ್ಲಿ ಪಟ್ಟಿ ನೇರಕ್ಕೆ ಕೊಯ್ದಿದ್ದು ಬಿಟ್ಟರೆ ಬೇರೆ ಮಾಡಿರಲಿಲ್ಲವಂತೆ. ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಗರಗಸದ ಮೇಲೆ ಕೈಯಿಟ್ಟು, ತಪ್ಪು ತಿಳೀಬೇಡಿ ಸಾರ್, ನಾನು ಅಂಗಡಿ ಮುಚ್ಚಲ್ಲ ಅಂದರು. ಭಾವ ಅವರ ಬೆನ್ನು ತಟ್ಟಿ ಶಹಬ್ಬಾಸ್ ಅಂದರು! ಕುಣಿಗಲ್ ಕೆರೆ ದಾಟುವವರೆಗೂ ನಾನು ಒಂದು ಹಳ್ಳವನ್ನೂ ತಪ್ಪಿಸದೆ ಕಾರು ಓಡಿಸಿದೆ. ಭಾವ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಇನ್ನು ನನ್ನಿಂದ ಆಗಲ್ಲ ಅನ್ನಿಸಿತು. ಬೆನ್ನು ನೋವು, ಬಿಸಿಲು, ಎಂಟೋ ಹತ್ತೋ, ಜಾರೋದೋ ಜಾರದಿರೋದೋ. ಕನಸಿನಲ್ಲೂ ಮೂಲೆಗಳು ಬರುತ್ತಿದ್ದವು. ವಾರದ ಮಧ್ಯೆ ಬ್ಯಾಂಕಿಗೆ ಒಂದು ದಿನ ರಜ ಹಾಕಿ, ಬಟವಾಡಿಯ ಆ ಮೊದಲನೇ ಅಂಗಡಿಗೆ ಹೋದೆ. ನಾನೊಬ್ಬನೇ ಇಳಿದಿದ್ದು ಕಂಡು ಅಂಗಡಿಯವರು ಧೈರ್ಯ ಮಾಡಿ ಕೂತರು. ಭಾವ ಅವತ್ತು ಬೆಳಕಿಗೆ ಹಿಡಿದು ನೋಡಿದ ಪಟ್ಟಿ ಯಾವ ಗರಗಸದ್ದು ಅಂತ ಕೇಳಿ ಅದನ್ನೇ ಕಟ್ಟಿಸಿದೆ. ಹತ್ತಿಂಚು, ಜಾರದ್ದು, ಸೊಂಟ ಒಂದೇ ಕಡೆ ವಾಲುವಂಥದ್ದು. ಡಿಕ್ಕಿಗೆ ಹಾಕಿಸಿಕೊಂಡು ನೇರ ಗುಬ್ಬಿಗೆ ಹೋದೆ. ದಾರಿಯಲ್ಲಿ ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದ ಹಾಗೆ ಹಗುರವಾಗಿತ್ತು. ಭಾವ ಕುಣಿದಾಡುತ್ತಾರೆ ಅಂತ ಅಂದುಕೊಂಡೆ.

ಭಾವ ಕುಣಿದಾಡಲಿಲ್ಲ. ಡಿಕ್ಕಿ ತೆಗೆದಾಗ ಡಬ್ಬವನ್ನು ನೋಡುತ್ತಾ ನಿಂತರು. ಮುಖ ಸ್ವಲ್ಪ ಇಳಿದುಹೋಯಿತು.

"ತಂದೇಬಿಟ್ಯಾ?" ಅಂದರು.

ಬೇರೆ ಮಾಡೆಲ್ಲು ಬೇಕಿತ್ತಾ, ಬದಲಾಯಿಸಿಕೊಡುತ್ತಾರೆ ಅಂದೆ. ಇಲ್ಲ, ಇದೇ ಸರಿ, ಒಳ್ಳೇದನ್ನೇ ತಂದಿದೀಯ ಅಂದರು. ಇಬ್ಬರೂ ಸೇರಿ ಡಬ್ಬ ಹೊತ್ತು ಶೆಡ್ಡಿಗೆ ಇಳಿಸಿದೆವು. ಅವರು ಬೋಲ್ಟು ಹುಡುಕುತ್ತಾ ಅಲ್ಲೇ ಉಳಿದರು. ಈ ಮನುಷ್ಯನನ್ನು ಮೆಚ್ಚಿಸುವುದು ಹೇಗೆ ಅಂತ ಗೊಣಗುತ್ತಾ ನಾನು ಅಡುಗೆಮನೆಗೆ ಹೋದೆ. ಅಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅದನ್ನ ಅವರು ಮೊದಲನೇ ದಿನವೇ ಆರಿಸಿಬಿಟ್ಟಿದ್ರು ಕಣೋ. ಆ ಭಾನುವಾರ ನೀನು ಊಟ ಮಾಡ್ಕೊಂಡು ಹೋದ್ಮೇಲೆ ನನಗೆ ಹೇಳಿದ್ರು, ಹತ್ತಿಂಚಿಂದು, ಅದೇ ಸಾಕು ಅಂತ."

ಮತ್ತೆ ಇಷ್ಟು ದಿನ ನನ್ನನ್ನು ಯಾಕೆ ಊರೂರು ಅಲೆಸಿದರು ಅಂತ ಕೇಳಿದೆ.

"ನಾನೂ ಅದನ್ನೇ ಕೇಳ್ದೆ. ತಗೊಂಡ್‌ಬಿಟ್ರೆ ಬರೋ ಭಾನುವಾರ ಅವನನ್ನ ಏನಂತ ಹೇಳಿ ಎಬ್ಬಿಸ್ಲಿ ಅಂದ್ರು."

ಅಕ್ಕ ಮತ್ತೆ ಮೊರ ಎಳೆದುಕೊಂಡಳು. ನಾನೂ ಅವಳ ಪಕ್ಕದಲ್ಲಿ ಕೂತು ಒಂದಷ್ಟು ಕಾಯಿ ಸುಲಿದೆ. ಬೀಜಕ್ಕಿಂತ ಸಿಪ್ಪೆಯೇ ಹೆಚ್ಚು ಮೊರಕ್ಕೆ ಬಿತ್ತು. ಅವಳು ಸಿಪ್ಪೆ ಹೆಕ್ಕಿ ತೆಗೆದಳು. ಶೆಡ್ಡಿನಲ್ಲಿ ಗರಗಸ ಒಂದು ಸಲ ಕೂಗಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ. ಊಟದ ಹೊತ್ತಿಗೆ ಭಾವ ಮೈತುಂಬ ಮರದ ಹೊಟ್ಟು ಮೆತ್ತಿಕೊಂಡು ಬಂದರು. ಮಿಷನ್ನು ಚೆನ್ನಾಗಿ ಕೊಯ್ಯುತ್ತೆ ಅಂದರು. ಹೊರಡುವಾಗ ಕಾರಿನವರೆಗೂ ಬಂದು, ಹುಷಾರಾಗಿ ಹೋಗು ಅಂದರು. ಭಾನುವಾರದ ಮಾತು ಎತ್ತಲಿಲ್ಲ.

ಶನಿವಾರ ಸಂಜೆ ಬ್ಯಾಂಕಿಂದ ಬಂದು, ಚಪ್ಪಲಿ ಬಿಟ್ಟು, ದೀಪ ಹಾಕುವ ಮುಂಚೆ ಗುಬ್ಬಿಗೆ ಫೋನ್ ಮಾಡಿದೆ. ಭಾವನೇ ಎತ್ತಿಕೊಂಡರು. ಮರ ನುಣುಪು ಮಾಡೋ ಮಿಷನ್ನು ಅಂತ ಒಂದು ಬರುತ್ತಂತಲ್ಲ ಭಾವ, ವರ್ಕ್‌ಶಾಪ್ ಅಂದಮೇಲೆ ಅದೂ ಬೇಡವಾ ಅಂತ ಕೇಳಿದೆ.

"ಬೇಕು. ಆದ್ರೆ ಅದರಲ್ಲಿ ತುಂಬಾ ಥರ ಇದಾವೆ ಕಣಯ್ಯ. ಆರಿಸೋಕೆ ದಿನ ಹಿಡಿಯುತ್ತೆ."

"ಹಿಡೀಲಿ ಬಿಡಿ ಭಾವ. ಬೆಳಗ್ಗೆ ಮೊದಲ ಬಸ್ಸಿಗೇ ಬನ್ನಿ," ಅಂದೆ.