ದಾಸವಾಳದ ಸೆನ್ಸಾರು

...ಅಥವಾ ಅದು ಮಂಗಳವಾರವೇ ಇರಬಹುದು. ಭಾನುವಾರ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನನಗೇ ನಂಬಿಕೆ ಬಂದುಬಿಟ್ಟಿದೆ, ಅದಕ್ಕೇ ಅನುಮಾನ. ಕತ್ತರಿಸುವ ಕೆಲಸ ಮಾಡಿದವನ ನೆನಪನ್ನು ಯಾರೂ ನಂಬಬಾರದು. ತನಗೆ ಬೇಡವಾದದ್ದನ್ನು ತೆಗೆದು ಉಳಿದದ್ದನ್ನು ಜೋಡಿಸುವ ಚಾಳಿ ಅವನ ಕೈಗೆ ಅಂಟಿರುತ್ತದೆ. ನಾನು ಹೆಚ್ಚು ಕಡಿಮೆ ಎರಡು ವರ್ಷ ಕತ್ತರಿಸಿದೆ. ಬಟ್ಟೆಯಲ್ಲ, ಹಾಡು. ಊರಿಗಾಂನ ಒಂದು ಕೇಬಲ್ ಟೀವಿಗೆ ನಾನು ಮೂರನೇ ಒಂದು ಭಾಗ ಸೆನ್ಸಾರ್ ಮಂಡಳಿಯಾಗಿದ್ದೆ.

ಆಗ ನಾನು ಊರಿಗಾಂನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುವವನಿಗೆ ಊರಿನ ನೀತಿಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳಿದಳು. ತೊಂಬತ್ತರ ನಂತರದ ಆ ವರ್ಷಗಳಲ್ಲಿ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗಳ ಮೇಲೆಲ್ಲ ಕಪ್ಪು ವೈರು ಓಡಾಡತೊಡಗಿತ್ತು. ವೈರಿನ ಯಜಮಾನ ಕಾಮಸಮುದ್ರದ ಕಡೆಯ ಮುನಿರಾಜು ಪ್ರತಿ ಶುಕ್ರವಾರ ಸಂಜೆ ಒಂದು ಗಂಟೆ ಹಾಡಿನ ವೀಡಿಯೊಗಳನ್ನು ಹಾಕುತ್ತಿದ್ದ. ಎರಡನೇ ಪಾಳಿಗೆ ಹೋದವರಿಗೆ ಅನ್ಯಾಯವಾಗಬಾರದೆಂದು ಶನಿವಾರ ಬೆಳಿಗ್ಗೆ ಅದನ್ನೇ ಇನ್ನೊಮ್ಮೆ ಹಾಕುತ್ತಿದ್ದ. ಸಿನಿಮಾದವಲ್ಲ ಅವು, ಕ್ಯಾಸೆಟ್ ಮಾರುವವರು ಮದ್ರಾಸಿನಲ್ಲಿ ಹುಡುಗಿಯರನ್ನು ಕುಣಿಸಿ ತೆಗೆಸಿದವು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸಿಗುತ್ತಿದ್ದವು.

ಒಂದು ವಾರ ಯಾರೋ ವೈರು ಕತ್ತರಿಸಿದರು. ತಮಿಳು ಹಾಡು ಅಸಹ್ಯವಾಗಿದೆಯಂತೆ. ಮರುವಾರ ಬೇರೆ ಯಾರೋ ಕತ್ತರಿಸಿದರು. ಅಸಹ್ಯವಾಗಿರುವುದು ಕನ್ನಡದ್ದು, ಬೇಕೆಂದೇ ತಮಿಳಿನದಕ್ಕೆ ಹೆಸರಿಟ್ಟಿದ್ದಾರಂತೆ. ಮೂರನೇ ವಾರ ತೆಲುಗಿನವರು ಸುಮ್ಮನಿದ್ದರೆ ಮರ್ಯಾದೆಯೇ? ಮೂರೂ ಭಾಷೆಗಳನ್ನು ಒಂದೇ ಬಾಯಲ್ಲಿ ಆಡುವ ಊರು ಅದು. ಜಗಳ ಬಂದಾಗ ಮಾತ್ರ ಒಬ್ಬೊಬ್ಬರಿಗೂ ಒಂದೊಂದೇ ಭಾಷೆ ಉಳಿಯುತ್ತಿತ್ತು. ಮುನಿರಾಜು ನನ್ನ ಶಾಲೆಗೇ ಬಂದ. "ಮೇಷ್ಟ್ರೇ, ನಂಗೆ ನೀತಿಗೀತಿ ಬ್ಯಾಡ. ವೈರ್ ಉಳದ್ರೆ ಸಾಕು. ಒಂದೊಂದು ಭಾಷೆಗೆ ಒಬ್ರು ದೊಡ್ಡೋರು ಕೂತ್ಕೊಂಡು ಬ್ಯಾಡದ್ದು ತೆಗೀರಿ. ನಿಮ್ಮಂಥೋರ್ ತೆಗದ್ರೆ ಯಾರ್ ಕೇಳ್ತಾರೆ?" ನನ್ನಂಥವರು ಎಂದರೆ ಎಂಥವರು ಎಂದು ನಾನು ಕೇಳಲಿಲ್ಲ. ಹೊಗಳಿಕೆ ಎಂದುಕೊಂಡೆ.

ತಮಿಳಿಗೆ ನಿವೃತ್ತ ಫೋರ್‌ಮನ್ ಆರುಮುಗಂ, ತೆಲುಗಿಗೆ ಬಟ್ಟೆ ಅಂಗಡಿಯ ಶೆಟ್ಟರು, ಕನ್ನಡಕ್ಕೆ ನಾನು. ಮುನಿರಾಜುವಿನ ಕೋಣೆಯಲ್ಲಿ ಮೂರು ಕಬ್ಬಿಣದ ಕುರ್ಚಿ, ಒಂದು ತಟ್ಟೆ ಬೋಂಡ. ಮೊದಲ ದಿನವೇ ಒಪ್ಪಂದವಾಯಿತು: ಒಂದು ಭಾಷೆಯಲ್ಲಿ ಎಷ್ಟು ಹಾಡಿಗೆ ಕತ್ತರಿ ಬೀಳುತ್ತದೋ ಉಳಿದೆರಡರಲ್ಲೂ ಅಷ್ಟಕ್ಕೇ ಬೀಳಬೇಕು. ಹಾಗಾದರೆ ಯಾರೂ ವೈರಿಗೆ ಕೈ ಹಾಕುವುದಿಲ್ಲ. ಹಾಕಲೂ ಇಲ್ಲ. ಅಶ್ಲೀಲವನ್ನು ಮೂರು ಪಾಲು ಮಾಡಿ ಹಂಚಿಕೊಂಡು ಶಾಂತಿಯಿಂದ ಬದುಕಿದ ಊರು ಇನ್ನೊಂದಿದ್ದರೆ ನನಗೆ ತಿಳಿಸಿ. ಕತ್ತರಿ ಎಂದರೆ ನಿಜವಾದ ಕತ್ತರಿಯಲ್ಲ. ಮುನಿರಾಜು ಹಾಡಿನ ಧ್ವನಿಯನ್ನು ಹಾಗೇ ಬಿಟ್ಟು, ಚಿತ್ರದ ಮೇಲೆ ಮಾತ್ರ ದಾಸವಾಳದ ಹೂವೊಂದನ್ನು ಅದೇ ಕ್ಯಾಸೆಟ್ಟಿನಲ್ಲಿ ತುಂಬುತ್ತಿದ್ದ. ಒಮ್ಮೆ ಹೂ ಬಿದ್ದರೆ ಕೆಳಗಿದ್ದದ್ದು ಹೋಯಿತು, ಮತ್ತೆ ಬರುವುದಿಲ್ಲ.

ನೋಡುವ ಕ್ರಮವನ್ನೂ ಹೇಳಬೇಕು. ಶೆಟ್ಟರು ಕನ್ನಡಕ ಒರೆಸಿಕೊಂಡು, "ಏಮಯ್ಯಾ ಮುನಿರಾಜು, ಅದ್ನ ಇನ್ನೊಂದ್ಸಲ ಆಕು, ತಪ್ಪು ತೀರ್ಮಾನ ಆಗ್‌ಬಾರ್ದು ಚೂಡು" ಎನ್ನುವರು. ಆರುಮುಗಂ, "ಶೆಟ್ರೇ, ನಾಲ್ಕು ದಪ ಆಯ್ತು. ಇನ್ನೂ ತೀರ್ಪು ಬರ್ಲಿಲ್ವಾ?" ಎಂದು ಕುರ್ಚಿಯನ್ನು ತಾವೇ ಮುಂದಕ್ಕೆ ಎಳೆದುಕೊಳ್ಳುವರು. ನಾನೊಬ್ಬ ಮಾತ್ರ ಹುಡುಗಿಯರು ಬಂದ ಕೂಡಲೇ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಮೇಷ್ಟ್ರು ಕಣ್ಣರಳಿಸಿ ನೋಡಿದರು ಎಂದು ನಾಳೆ ತರಗತಿಯಲ್ಲಿ ಹುಡುಗರು ಪಿಸುಗುಟ್ಟಿದರೆ? ಕಿವಿಯಿಂದಲೇ ಸೆನ್ಸಾರ್ ಮಾಡುತ್ತಿದ್ದೆ. ಆ ಕ್ಯಾಲೆಂಡರಿನ ಅಷ್ಟೂ ಹಬ್ಬಗಳು ನನಗೆ ಬಾಯಿಪಾಠವಾಗಿದ್ದವು.

ನಾನು ಹೇಳಹೊರಟ ಆ ವಾರ ನಮ್ಮ ಶಾಲೆಯ ಆಯಾ ಮುನಿಯಮ್ಮ ಪೊರಕೆ ಹಿಡಿದುಕೊಂಡೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಅವಳ ಮಗಳು ಸರೋಜ ಎರಡು ವರ್ಷದ ಹಿಂದೆ ಡ್ಯಾನ್ಸ್ ಗುಂಪೊಂದನ್ನು ಸೇರಿ ಮದ್ರಾಸಿಗೆ ಹೋಗಿದ್ದಳು. ಅಪ್ಪ ಅವಳ ಹೆಸರೆತ್ತಬಾರದು ಎಂದಿದ್ದ. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು.

"ಸಾರ್, ಈ ಶುಕ್ರವಾರ ಕೊಡೆ ಇಟ್ಕೊಂಡು ಕುಣಿಯೋ ಕನ್ನಡ ಪಾಟೊಂದು ಬತ್ತದಂತೆ. ಅದ್ರಾಗೆ ನಮ್ ಸರೋಜ ಅವ್ಳಂತೆ. ನಮ್ ತಮ್ಮ ಮದ್ರಾಸ್ನಾಗೆ ಯಾರೋ ಏಳಿದ್ ಕೇಳ್ಕೊಂಡ್ ಬಂದವ್ನೆ. ಮಕ ಕಂಡ್ರೆ ಸಾಕು ಸಾರ್. ಕಾಣ್ದಿದ್ರೆ ನಾನೇ ತಮ್ಮನ್ನ ಕರ್ಕೊಂಡು ಮದ್ರಾಸ್‌ಗೆ ಓಗಿ ಉಡುಕ್ತೀನಿ. ಎಲ್ ಬಿದ್ದವ್ಳೋ ಏನ್ ಕತೆಯೋ."

"ನೋಡೋಣ ಮುನಿಯಮ್ಮ, ಬರುತ್ತೆ ಬಿಡು" ಎಂದೆ. ಮಂಡಳಿಯ ಸದಸ್ಯನ ಗತ್ತಿನಲ್ಲೇ ಎಂದೆ.

ಭಾನುವಾರವೋ ಮಂಗಳವಾರವೋ ಕೂತೆವು. ತಮಿಳಿನಲ್ಲಿ ಎರಡು ಹೋದವು, ತೆಲುಗಿನಲ್ಲಿ ಎರಡು. ಕನ್ನಡದಲ್ಲಿ ಒಂದೇ. ಉಳಿದ ಕನ್ನಡದ ಹಾಡುಗಳಲ್ಲಿ ಮೂರು ದೇವರವು, ಒಂದರಲ್ಲಿ ಬರೀ ದೋಣಿ. ಇನ್ನೊಂದು ಕೊಡೆಯದು. ಎಂಟು ಹುಡುಗಿಯರು, ಮೈತುಂಬ ಬಟ್ಟೆ, ಕೈಯಲ್ಲಿ ಬಣ್ಣದ ಕೊಡೆ ಎಂದು ಶೆಟ್ಟರು ಎಣಿಸಿ ಹೇಳಿದರು. ಮುನಿರಾಜುವೇ, "ಇದ್ರಾಗೆ ಏನೂ ಇಲ್ಲ ಬುಡಿ" ಎಂದ.

"ಏನೂ ಇಲ್ದೆ ಎಂಗಿರತ್ತೆ?" ಎಂದರು ಆರುಮುಗಂ. "ನಮ್ದ್ರಲ್ಲಿ ಎರಡು, ಶೆಟ್ರದ್ರಲ್ಲಿ ಎರಡು. ಕನ್ನಡದೋರು ಮಾತ್ರ ಸಾಮಿಗಳಾ?"

ಎಲ್ಲರೂ ನನ್ನನ್ನು ನೋಡಿದರು. ಇದರಲ್ಲಿ ನಮ್ಮ ಆಯಾಳ ಮಗಳಿದ್ದಾಳೆ, ತಾಯಿ ನೋಡಲಿ ಬಿಡಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಆರುಮುಗಂ ಬಿಡುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಅವರಿಗೂ ಮೂವರು ಹೆಣ್ಣುಮಕ್ಕಳು. ಆದರೆ ಕನ್ನಡದವನು ಕನ್ನಡದ ಹಾಡಿಗೆ ವಕಾಲತ್ತು ಮಾಡಿದ ಎನ್ನಿಸಿಕೊಳ್ಳುವುದಕ್ಕೆ ನನಗೆ ಭಯ. ಊರೆಲ್ಲ ಸರೋಜಳ ಬಗ್ಗೆ ಆಡಿಕೊಂಡೀತು, ಪಾಪ ಮುನಿಯಮ್ಮನಿಗೆ ಕಷ್ಟ ಎಂದು ಆ ಭಯಕ್ಕೊಂದು ಕರುಣೆಯ ಅಂಗಿ ತೊಡಿಸಿದೆ. ನಾನೇ ಬಾಯಿ ತೆರೆದು, "ಕೊಡೆಯನ್ನ ಅನವಶ್ಯಕವಾಗಿ ತಿರುಗಿಸ್ತಾರೆ" ಎಂದೆ. ಶೆಟ್ಟರು ಗಂಭೀರವಾಗಿ ತಲೆಯಾಡಿಸಿದರು. ಹೂ ಬಿತ್ತು. ಹಾಡಿನ ಉದ್ದಕ್ಕೂ ಬಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮುನಿಯಮ್ಮ ನನಗಾಗಿ ಕಾಯುತ್ತಿದ್ದಳು.

"ನೆನ್ನೆ ಪಕ್ಕದ್ಮನ್ಯಾಗೆ ಕೂತ್ಕೊಂಡು ನೋಡ್ದೆ ಸಾರ್. ಬರೀ ಊವು. ಗೆಜ್ಜೆ ಸದ್ದು ಮಾತ್ರ ಕೇಳಿಸ್ತು. ಬೆಳಿಗ್ಗೆನಾದ್ರೂ ಊವ ತೆಗ್ದಿರ್ತಾರೇನೋ ಅಂತ ಇಸ್ಕೂಲ್‌ಗೆ ಬರಾಕ್ ಮುಂಚೆ ತಿರ್ಗ ಓಗಿ ಕೂತ್ಕೊಂಡೆ. ಅದೇ ಊವು." ದನಿ ತಗ್ಗಿಸಿ, "ಆ ಪೋರ್ಮನ್ನಣ್ಣನ ಕೆಲ್ಸಾನಾ ಸಾರ್?"

ನಾನು ಹೌದು ಎನ್ನಲಿಲ್ಲ. ಇಷ್ಟನ್ನು ನನ್ನ ಪರವಾಗಿ ಬರೆದುಕೊಳ್ಳಿ. ಅಲ್ಲ ಎನ್ನಲೂ ಇಲ್ಲ.

"ಓಗ್ಲಿ ಬುಡಿ. ನೀವು ಮೊದ್ಲೇ ನೋಡಿರ್ತೀರಲ್ಲ. ಎಂಗವ್ಳೆ ಸಾರ್? ಸೊರಗವ್ಳಾ?"

"ಚೆನ್ನಾಗಿದ್ದಾಳೆ ಮುನಿಯಮ್ಮ. ಮೈ ಕೈ ತುಂಬ್ಕೊಂಡಿದ್ದಾಳೆ."

"ಮೂಗುಬಟ್ಟು ಐತಾ?"

"ಇದೆ."

ಅವಳು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು. "ನಾನೇ ಕೊಟ್ಟಿದ್ದು ಸಾರ್. ಅದ್ನ ಮಾರ್ಕೊಂಡಿಲ್ಲ ಅಂದ್ರೆ ಒಟ್ಟೆಗೇನೂ ತೊಂದ್ರೆ ಇಲ್ಲ ಅಂತ." ನಕ್ಕಳು. ಸೆರಗಿನಲ್ಲಿ ಮೂಗೊರೆಸಿಕೊಂಡು, "ಅಂಗಾರೆ ಮದ್ರಾಸ್‌ಗೆ ಓಗೋದ್ಯಾಕೆ? ನಮ್ ತಮ್ಮಂಗೆ ಏಳ್ಬುಡ್ತೀನಿ. ಬತ್ತಾಳೆ, ಕೋಪ ಇಳುದ್ಮೇಲೆ ಅವ್ಳೇ ಬತ್ತಾಳೆ" ಎಂದಳು. ಹೋಗಬೇಡ ಎಂದು ನಾನು ಹೇಳಿರಲಿಲ್ಲ. ಹೋಗು ಎಂದೂ ಹೇಳಲಿಲ್ಲ. ನನಗೆ ರೈಲಿಗೆ ಹೊತ್ತಾಗಿತ್ತು.

ಮುನಿಯಮ್ಮ ಮದ್ರಾಸಿಗೆ ಹೋಗಲಿಲ್ಲ. ಮರುವರ್ಷ ನನಗೆ ಬೇರೆ ಕಡೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ನನ್ನ ಸೂಕ್ಷ್ಮದೃಷ್ಟಿಯ ಬಗ್ಗೆ ಒಬ್ಬರು ಮಾತಾಡಿದರು. ಆ ಕೊಡೆಯ ಹಾಡು ನನ್ನ ಎದುರಿಗೆ ನಾಲ್ಕು ಸಲ ಓಡಿತ್ತು, ನಾಲ್ಕು ಸಲವೂ ನಾನು ಬೇರೆ ಕಡೆ ನೋಡುತ್ತಿದ್ದೆ. ಆ ಎಂಟು ಹುಡುಗಿಯರಲ್ಲಿ ಸರೋಜ ಇದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಬಂದಳೋ ಇಲ್ಲವೋ, ಅದೂ ಗೊತ್ತಿಲ್ಲ.