ದುಭಾಷಿಯ ಸುಟ್ಟ ನಾಲಿಗೆ

ಎಲ್ಲ ಅನಾಹುತಕ್ಕೂ ಕಾರಣ ಒಂದೇ ಒಂದು ಗುಟುಕು ಬಿಸಿ ಚಹಾ. ಹತ್ತು ಗಂಟೆಗೆ ಎರಡು ದೇಶಗಳ ಮಂತ್ರಿಗಳ ಮಾತುಕತೆ. ಹತ್ತಕ್ಕೆ ಐದು ನಿಮಿಷವಿರುವಾಗ ದುಭಾಷಿ ಗಡಿಬಿಡಿಯಲ್ಲಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

ಅದೂ ಎಂಥ ದಿನ! ಒಂಬತ್ತು ವರ್ಷದಿಂದ ಹಂಗಾಮಿಯಾಗಿದ್ದವನನ್ನು ಇವತ್ತಿನ ಸಭೆ ಸುಸೂತ್ರವಾಗಿ ಮುಗಿದರೆ ಕಾಯಂ ಮಾಡುವುದಾಗಿ ಕಾರ್ಯದರ್ಶಿಗಳು ಮಾತು ಕೊಟ್ಟಿದ್ದರು. ಆದೇಶ ಟೈಪಾಗಿತ್ತು, ಸಹಿಯೊಂದು ಬಾಕಿ. ಹೆಂಡತಿಯಂತೂ ಬೀದಿಗೆಲ್ಲ ಸುದ್ದಿ ಹಂಚಿಯಾಗಿತ್ತು.

"ಅಯ್ಯೋ, ಸಕ್ಕರೆ ಹಾಕ್ಕೊಳ್ಳಿ!" ಎಂದರು ಟೈಪಿಸ್ಟಮ್ಮ.

"ಸಕ್ಕರೆ ಯಾಕ್ರೀ, ಐಸ್ ಇಡಿ!" ಎಂದ ಗುಮಾಸ್ತ.

ಇಬ್ಬರೂ ಪೈಪೋಟಿಯ ಮೇಲೆ ತಂತಮ್ಮ ಔಷಧ ತುರುಕಿದರು. ನಾಲಿಗೆ ಮರಗಟ್ಟಿ ಒದ್ದೆ ಚಿಂದಿಯಂತಾಯಿತು. "ಉದ್ದುದ್ದ ಹೇಳೋಕೆ ಹೋಗ್ಬೇಡಿ, ಸಾರಾಂಶ ಸಾಕು," ಎಂದು ಗುಮಾಸ್ತ ಅವನನ್ನು ಒಳಗೆ ನೂಕಿದ.

ವಿಷಯ ಗಡಿಯ ಹೊಳೆಗೊಂದು ಸೇತುವೆ. ಇಪ್ಪತ್ತೆರಡು ವರ್ಷದಿಂದ ಚರ್ಚೆ ನಡೆದೇ ಇತ್ತು, ಒಂದು ಕಲ್ಲೂ ಬಿದ್ದಿರಲಿಲ್ಲ. ಅತಿಥಿ ಮಂತ್ರಿ ಗಂಟಲು ಸರಿಮಾಡಿಕೊಂಡರು: "ಸೇತುವೆಯ ವಿಚಾರವನ್ನು ಸೌಹಾರ್ದದ ಹಿನ್ನೆಲೆಯಲ್ಲಿ, ಸಮಗ್ರ ದೃಷ್ಟಿಯಿಂದ, ಕಾಲಕಾಲಕ್ಕೆ ಅವಲೋಕಿಸುವ ಸಾಧ್ಯತೆಯನ್ನು ನಾವು ತಳ್ಳಿಹಾಕುವುದಿಲ್ಲ."

ಅಷ್ಟನ್ನೂ ಹೊರುವ ತ್ರಾಣ ಆ ನಾಲಿಗೆಗೆಲ್ಲಿ? "ಸೇತುವೆ ಕಟ್ಟೋಣ ಅಂತಾರೆ," ಎಂದುಬಿಟ್ಟ.

ನಮ್ಮ ಮಂತ್ರಿಗಳ ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು. ಸಾವರಿಸಿಕೊಂಡು ಅವರೂ ಶುರುಮಾಡಿದರು: "ನೆರೆಯವರ ಭಾವನೆಗಳನ್ನು ಗೌರವಿಸುತ್ತಾ, ಸೂಕ್ತ ಹಂತದಲ್ಲಿ, ಸೂಕ್ತ ವೇದಿಕೆಯಲ್ಲಿ..."

"ಯಾವತ್ತು ಶುರು ಮಾಡೋಣ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ ಅತಿಥಿಯ ಭಾಷೆಯಲ್ಲಿ.

ಆಮೇಲೆ ಹಿಡಿಯುವವರೇ ಇಲ್ಲ! ಕುರ್ಚಿಗಳು ಹಿಂದೆ ಸರಿದವು, ಮಂತ್ರಿಗಳು ತಬ್ಬಿಕೊಂಡರು, ಕ್ಯಾಮೆರಾಗಳು ಮಿಂಚಿದವು, ಹನ್ನೊಂದೂವರೆಗೆ ಒಪ್ಪಂದಕ್ಕೆ ಸಹಿಯೂ ಬಿತ್ತು. ತಾನೇನು ಮಾಡಿದೆನೆಂದು ಹೊಳೆದಾಗ ದುಭಾಷಿಯ ಜೀವ ಬಾಯಿಗೆ ಬಂತು. "ತಪ್ಪಾಯ್ತು" ಎನ್ನಲು ಎರಡು ಸಲ ಬಾಯಿ ತೆರೆದ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಕಾರ್ಯದರ್ಶಿಗಳು ಅವನನ್ನು ಪಡಸಾಲೆಗೆ ಎಳೆದುಕೊಂಡು ಹೋದರು. "ಏನ್ರೀ ಇದು! ಅವರು ಅಂದಿದ್ದೇನು, ನೀವು ಹೇಳಿದ್ದೇನು?"

"ಅವರನ್ನ ಬೈಬೇಡಿ," ಎಂದಿತು ಹಿಂದಿನಿಂದ ಒಂದು ದನಿ, ಅಚ್ಚುಕಟ್ಟಾಗಿ ನಮ್ಮದೇ ಭಾಷೆಯಲ್ಲಿ. ಅತಿಥಿ ಮಂತ್ರಿ!

"ನಿಮಗೆ ನಮ್ಮ ಭಾಷೆ..." ಎಂದು ಕಾರ್ಯದರ್ಶಿಗಳು ತೊದಲಿದರು.

"ಚೆನ್ನಾಗೇ ಬರುತ್ತೆ. ನಿಮ್ಮ ಮಂತ್ರಿಗಳಿಗೆ ನಮ್ಮದೂ ಬರುತ್ತೆ. ಸೇತುವೆ ಇಬ್ಬರಿಗೂ ಬೇಕಿತ್ತು. ಆದ್ರೆ ಮೊದಲು ಹೂಂ ಅಂದೋರನ್ನ ಅವರ ಜನ ಸುಮ್ನೆ ಬಿಡ್ತಾರಾ? ಈಗ ಯಾರೂ ಹೂಂ ಅಂದಿಲ್ಲ. ದುಭಾಷಿ ಎಡವಟ್ಟು ಮಾಡಿದ, ಮಾತು ಹೊರಗೆ ಬಿತ್ತು, ನಾವು ಕಟ್ಟುಬಿದ್ವಿ. ಅಷ್ಟೇ!" ಎಂದು ಅವನ ಬೆನ್ನು ತಟ್ಟಿ ಹೋದರು.

ದುಭಾಷಿ ಹಿಗ್ಗಿ ಹೀರೇಕಾಯಾದ. "ಹಾಗಾದ್ರೆ ಸಾರ್, ನನ್ನ ಆದೇಶ?"

ಕಾರ್ಯದರ್ಶಿಗಳು ಫೈಲಿನಿಂದ ಆದೇಶ ತೆಗೆದು ಎರಡು ತುಂಡು ಮಾಡಿದರು. "ಎಡವಟ್ಟು ಮಾಡಿದೋರನ್ನ ವಜಾ ಮಾಡಿದ್ವಿ ಅಂತ ಜನಕ್ಕೆ ತೋರಿಸ್ಬೇಕಲ್ಲ. ಕಾಯಂ ಆದೋರನ್ನ ವಜಾ ಮಾಡ್ಬೇಕಂದ್ರೆ ನೋಟಿಸು, ವಿಚಾರಣೆ, ಆರು ತಿಂಗಳಾಗುತ್ತೆ. ಹಂಗಾಮಿಯವರನ್ನಾದ್ರೆ ಸಂಜೆಗೇ ಕಳಿಸ್ಬಹುದು. ಇಷ್ಟು ಅನುಕೂಲದ ಮನುಷ್ಯನನ್ನ ಕೈಬಿಡೋಕಾಗುತ್ತಾ? ಇವತ್ತು ವಜಾ ಆಗಿ, ಸೋಮವಾರ ಮತ್ತೆ ಹಂಗಾಮಿಯಾಗಿ ಸೇರ್ಕೊಳ್ಳಿ. ಮೀನುಗಾರರ ಒಪ್ಪಂದ ಹದಿನಾಲ್ಕು ವರ್ಷದಿಂದ ಹಾಗೇ ಬಿದ್ದಿದೆ."