ಸುಳ್ಳು ಹೇಳುವ ಗಡಿಯಾರದ ರಿಪೇರಿ

ಗಡಿಯಾರಗಳು ಬಾಯಿಬಿಟ್ಟು ಮಾತಾಡಲು ಕಲಿತ ಕಾಲದಲ್ಲಿ, ಒಂದು ಇಕ್ಕಟ್ಟಾದ ಬೀದಿಯಲ್ಲಿ, ಒಬ್ಬ ಗಡಿಯಾರ ರಿಪೇರಿಯವನಿದ್ದ. ಹೇಳಿದ ಹೊತ್ತಿಗೆ ಸರಿಮಾಡಿ ಕೊಡದೆ ಹೋದರೆ ಅಂಗಡಿಯನ್ನೇ ಮುಚ್ಚುತ್ತೇನೆಂಬುದು ಅವನ ಮಾತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುಚ್ಚುವ ಪ್ರಸಂಗ ಬಂದಿರಲಿಲ್ಲ.

ಒಂದು ಬೆಳಿಗ್ಗೆ ನರೆಗೂದಲಿನ ಗಿರಾಕಿಯೊಬ್ಬರು ಕೈಯಿಂದ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಕುಕ್ಕಿದರು.

"ಇದರೊಳಗೆ ಅದೇನೋ ಕೃತಕ ಬುದ್ಧಿ ಇದೆಯಂತೆ. ನಾಡಿ ನೋಡಿ, ಹೃದಯದ ತಾಳ ತಪ್ಪಿದ್ರೆ ಹೇಳುತ್ತಂತೆ. ಮೂರು ದಿನದಿಂದ ನಂದು ತಪ್ಪಿದೆ ಅಂತ ಬರೀ ಸುಳ್ಳು ಹೇಳ್ತಿದೆ. ಸಂಜೆ ಐದಕ್ಕೆ ಸರಿ ಮಾಡಿ ಕೊಡ್ತೀರಾ?"

"ಐದು ಅಂದ್ರೆ ಐದು, ಸ್ವಾಮಿ."

ಗಿರಾಕಿ ಹೋದ ಮೇಲೆ ಮಗುಚಿ ನೋಡಿದರೆ ಬಿಚ್ಚಲು ಒಂದು ತಿರುಪೂ ಇಲ್ಲ. ಕೋಳಿಮೊಟ್ಟೆಯ ಹಾಗೆ ನುಣ್ಣಗಿತ್ತು. ಮಧ್ಯಾಹ್ನದವರೆಗೆ ಒರೆಸಿ, ಊದಿ, ಆಫ್ ಮಾಡಿ, ಆನ್ ಮಾಡಿ, ಕೊನೆಗೆ ಎಂದಿನ ಪದ್ಧತಿಯಂತೆ ತನ್ನ ಕೈಗೇ ಕಟ್ಟಿಕೊಂಡು ಪರೀಕ್ಷೆಗೆ ಕೂತ.

"ಹೃದಯದ ಲಯ ತಪ್ಪಿದೆ. ವೈದ್ಯರನ್ನು ಕಾಣಿ," ಎಂದಿತು ಗಡಿಯಾರ, ಪಕ್ಕದ ಅಂಗಡಿಗೂ ಕೇಳುವಂತೆ.

"ಹಾಳಾದ್ದು, ನನ್ನ ಮೇಲೂ ಚಾಡಿ ಶುರು ಮಾಡ್ತು," ಎಂದು ಅವನು ಗೊಣಗಿದ.

ಪಕ್ಕದ ದರ್ಜಿಯಕ್ಕ ಕೊರಳಲ್ಲಿ ಅಳತೆಪಟ್ಟಿಯ ಸಮೇತ ಬಂದಳು. "ಕೊಡಣ್ಣ ಇಲ್ಲಿ, ನನಗೇನು ಹೇಳುತ್ತೋ ನೋಡೋಣ."

ಐದು ನಿಮಿಷ ಕಟ್ಟಿಕೊಂಡು ಕೂತಳು. "ಲಯ ಸರಿಯಾಗಿದೆ," ಎಂದಿತು ಗಡಿಯಾರ.

"ಹಾಗಾದ್ರೆ ರಿಪೇರಿ ಆಯ್ತು," ಎಂದು ಹಿಗ್ಗಿ ಮತ್ತೆ ತಾನು ಕಟ್ಟಿಕೊಂಡ. ತಪ್ಪಿದೆ. ಎದುರಂಗಡಿಯ ಕ್ಷೌರಿಕ ಮಾವನಿಗೆ ಕಟ್ಟಿದರೆ ಸರಿಯಾಗಿದೆ. ತಿರುಗಿ ಇವನ ಕೈಗೆ ಬಂದರೆ ತಪ್ಪಿದೆ.

ಮೂವರೂ ಮುಖಮುಖ ನೋಡಿಕೊಂಡರು. ಗೋಡೆಯ ಮೇಲಿನ ನಲವತ್ತು ಗಡಿಯಾರಗಳು ತಮ್ಮ ಪಾಡಿಗೆ ಟಿಕ್ ಟಿಕ್ ಎನ್ನುತ್ತಿದ್ದವು.

"ಇಷ್ಟೊಂದು ಟಿಕ್ ಟಿಕ್ ನಡುವೆ ನಿನ್ನೊಬ್ಬಂದು ತಪ್ಪಿದ್ರೆ ಯಾರಿಗೆ ಕೇಳಿಸಬೇಕು, ಅಣ್ಣ," ಎಂದು ದರ್ಜಿಯಕ್ಕ ಆಗಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ನಂಗೇನೂ ಆಗಿಲ್ಲ ತಂಗಿ. ಐದಕ್ಕೆ ಗಿರಾಕಿ ಬರ್ತಾರೆ."

"ನೀನೇ ಹೊರಟುಹೋದ್ಮೇಲೆ ಗಿರಾಕಿ ಬಂದು ಯಾರನ್ನ ಮಾತಾಡಿಸ್ತಾನಯ್ಯ," ಎಂದ ಮಾವ. ಅವನ ಕ್ಷೌರದಂಗಡಿಯ ಚಕ್ರದ ಕುರ್ಚಿ ರಿಪೇರಿಯವನನ್ನು ಹೊತ್ತು ಬೀದಿಗಿಳಿಯಿತು. ಅದುವರೆಗೆ ಅದರಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದವನು ನೊರೆಮುಖದಲ್ಲೇ ಹಿಂದಿನಿಂದ ತಳ್ಳಿದ. ದಾರಿಯವರು ಮುಂಗಡವಾಗಿಯೇ ಲೊಚಗುಟ್ಟಿದರು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು. ಉದ್ದನೆಯ ಕಾಗದವೊಂದು ಹೊರಬಂತು. ಅದನ್ನು ಓದುತ್ತ ಹೃದಯದ ದೊಡ್ಡ ಡಾಕ್ಟರು ಒಳಬಂದರು. ರಿಪೇರಿಯವನು ತಲೆಯೆತ್ತಿ ನೋಡಿದ. ಅದೇ ನರೆಗೂದಲಿನ ಗಿರಾಕಿ.

"ಲಯ ತಪ್ಪಿರೋದು ನಿಜ," ಎಂದರು ಡಾಕ್ಟರು, ಕಾಗದದಿಂದ ಕಣ್ಣೆತ್ತದೆ. "ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ಮಾತ್ರೆಗೆ ಬಗ್ಗುತ್ತೆ. ಹೇಗೆ ಗೊತ್ತಾಯ್ತು?"

ಅವನು ಕೈ ಎತ್ತಿ ತೋರಿಸಿದ.

ಡಾಕ್ಟರು ಗಡಿಯಾರ ನೋಡಿದರು. ಕಾಗದ ನೋಡಿದರು. ಮುಖ ಆಸ್ಪತ್ರೆಯ ಹೊದಿಕೆಯಷ್ಟು ಬೆಳ್ಳಗಾಯಿತು.

"ಅಂದ್ರೆ, ಇದು ಕೆಟ್ಟಿಲ್ವಾ?"

"ಎಳ್ಳಷ್ಟೂ ಇಲ್ಲ, ಸ್ವಾಮಿ."

ಡಾಕ್ಟರು ಮಂಚದ ಅಂಚು ಹಿಡಿದುಕೊಂಡರು. "ಸ್ವಲ್ಪ ಆಚೆ ಸರೀರಿ," ಎಂದು ಅವನ ಪಕ್ಕದಲ್ಲೇ ಕುಸಿದರು.

ಐದಕ್ಕೆ ಇನ್ನೆರಡು ನಿಮಿಷವಿತ್ತು. ರಿಪೇರಿಯವನು ಮಲಗಿದಲ್ಲೇ ಗಡಿಯಾರ ಬಿಚ್ಚಿ, ಅಂಗಿಯ ತುದಿಯಿಂದ ಗಾಜು ಒರೆಸಿ, ಅದರ ಒಡೆಯರ ಕೈಗೆ ಕಟ್ಟಿಕೊಟ್ಟ.